ಸೋಲುವುದಕ್ಕೆ ಬಂದ ಅಮರೇಶಪ್ಪ

ಲಿಂಗಸುಗೂರಿನ ಕಡೆಯ ಅಮರೇಶಪ್ಪ ಬೇಗಂ ಬಜಾರಿನ ಪಾತ್ರೆ ಅಂಗಡಿಯೊಂದರಲ್ಲಿ ಗುಮಾಸ್ತ. ಸಾಧಾರಣ ಮೈಕಟ್ಟು, ತುಸು ಹೊಟ್ಟೆ. ದಿನಾ ಬೆಳಿಗ್ಗೆ ಕುಸ್ತಿಯ ತಾಲೀಮಿಗೆ ಹೋಗಿ ನಾಲ್ಕು ಪಟ್ಟು ಹಾಕದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

೧೯೮೧ರಲ್ಲಿ, ಸರ್ಕಾರಿ ನೌಕರಿಯಿಂದ ನಿವೃತ್ತರಾದ ನಾಟಕದ ಹುಚ್ಚಿನ ಪ್ರಾಣೇಶರಾಯರು ಜೀಡಿಮೆಟ್ಲಾದ ಬಯಲಿನಲ್ಲಿ ಭಾನುವಾರದ ಕುಸ್ತಿ ಪ್ರದರ್ಶನ ಶುರುಮಾಡಿದರು. ವೇಷ, ಬಿರುದು ಎಲ್ಲ ಇದ್ದ ಆಟ. ಯಾರು ಗೆಲ್ಲಬೇಕೆಂಬುದು ಮೊದಲೇ ನಿಗದಿಯಾಗಿರುತ್ತಿತ್ತು.

“ನಿಮ್ಮ ಕೆಲಸ ಭಾಳ ಸರಳ ಅದ,” ಎಂದರು ರಾಯರು, ಆಟಕ್ಕೆ ಸೇರಿದ ಅಮರೇಶಪ್ಪನಿಗೆ. “ಮಲ್ಲಣ್ಣ ಎತ್ತಿ ಒಗೀತಾನ. ನೀವು ಬೀಳ್ರಿ.”

ಮಲ್ಲಣ್ಣ ಸಿಮೆಂಟ್ ಗೋದಾಮಿನ ಹಮಾಲ, ಬಾಗಿಲಗಲದ ಆಳು. ಎರಡು ತಿಂಗಳು ಅಮರೇಶಪ್ಪ ಪ್ರತಿ ವಾರ ಬಿದ್ದ. ಜನ ಶೇಂಗಾ ತಿನ್ನುತ್ತ ನೋಡಿದರು, ಅಷ್ಟೇ.

ಒಂದು ಭಾನುವಾರ ಹೆಂಡತಿ ಗಿರಿಜಾಬಾಯಿ ಮೊದಲ ಸಲ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಳು. ಗಂಡ ದೊಪ್ಪನೆ ಬಿದ್ದದ್ದು ಕಂಡು, ಇದು ಆಟವೆಂಬುದನ್ನೇ ಮರೆತು ಕೂಗಿದಳು:

“ಏಳ್ರಿ. ನಾಳೆ ಅಂಗಡಿಗೆ ಹೋಗಾಂಗಿಲ್ಲೇನ್ರಿ?”

ಬಯಲೆಲ್ಲ ನಕ್ಕಿತು. ಅಲ್ಲಿದ್ದವರು ಬಹುತೇಕ ಕಾರ್ಖಾನೆಯವರು; ಸೋಮವಾರ ಬೆಳಿಗ್ಗೆ ಸೈರನ್‌ಗೆ ಏಳಬೇಕಾದವರು. ಅಮರೇಶಪ್ಪ ಸೊಂಟ ಹಿಡಿದುಕೊಂಡು ಎದ್ದ. ಮಲ್ಲಣ್ಣ ಮತ್ತೆ ಒಗೆದ. ಈ ಸಲ ನೂರು ಗಂಟಲು ಕೂಗಿದವು: “ಉಠೋ, ಅಮರೇಶ್ ಭಾಯ್!”

ಮಲ್ಲಣ್ಣ ಕಿವಿಯಲ್ಲಿ ಪಿಸುಗುಟ್ಟಿದ: “ಇನ್ನ ಸಾಕು, ಮಲ್ಕೊಳ್ಳಪ್ಪಾ.”

“ಹೆಂಗ ಮಲಗ್ಲೋ? ಅಷ್ಟೂ ಮಂದಿ ಏಳು ಅನ್ನಾಕತ್ತಾರ.”

ಒಂಬತ್ತು ಸಲ ಬಿದ್ದು ಒಂಬತ್ತು ಸಲವೂ ಎದ್ದ. ಸಮಯ ಮುಗಿದು ಗಂಟೆ ಬಾರಿಸಿದಾಗ ಸೋತವರೂ ಇಲ್ಲ, ಗೆದ್ದವರೂ ಇಲ್ಲ.

ರಾಯರಿಗೆ ಹುರುಪು ಹತ್ತಿತು. ಮುಂದಿನ ವಾರ ಅವನಿಗೆ ರೇಷ್ಮೆ ನಿಲುವಂಗಿ ತೊಡಿಸಿ, ದೊಡ್ಡ ಬಿರುದು ಕೊಟ್ಟು, ಎರಡೇ ನಿಮಿಷದಲ್ಲಿ ಗೆಲ್ಲಿಸಿದರು. ಒಂದು ಚಪ್ಪಾಳೆಯೂ ಬೀಳಲಿಲ್ಲ. ಯಾರೋ ಹಿಂದಿನಿಂದ ಕಾಳಜಿಯಿಂದ ಆರೋಗ್ಯ ವಿಚಾರಿಸಿದರು: “ಕ್ಯಾ ಹುವಾ ಭಾಯ್, ತಬಿಯತ್ ಠೀಕ್ ಹೈ?”

ಅಮರೇಶಪ್ಪ ನಿಲುವಂಗಿ ಮಡಚಿ ರಾಯರ ಕೈಗಿಟ್ಟ. “ಇದು ಬ್ಯಾಡ್ರಿ. ನಾ ಎದ್ದಾಗ ಅವರಿಗೂ ತಾವೇ ಎದ್ದಂಗ ಆಗತೈತಿ. ಈ ಅಂಗಿಯೊಳಗ ಅವರಿಗೆ ನನ್ನ ಗುರ್ತಾನ ಹತ್ತಲಿಲ್ರಿ.”

ರಾಯರು ಒಪ್ಪಿದರು.

ಆಮೇಲೆ ಆರು ವರ್ಷ ಅವನು ತನ್ನ ಹಳೇ ಚಡ್ಡಿಯಲ್ಲೇ ಅಖಾಡಕ್ಕಿಳಿದ. ಗೆದ್ದದ್ದು ಮೂರೇ ಸಲ. ಮೂರನೆಯ ಸಲ, ಸೋತ ಮಲ್ಲಣ್ಣನೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ ನಿಲ್ದಾಣದ ತನಕ ಮೆರೆಸಿದ. ಹಿಂದೆ ಗಿರಿಜಾಬಾಯಿ ಗಂಡನ ಚಪ್ಪಲಿ ಹಿಡಿದುಕೊಂಡು, ನಗುತ್ತ, ಏದುಸಿರು ಬಿಡುತ್ತ ಓಡುತ್ತಿದ್ದಳು.