ಕೊನೆಯ ಅಕ್ಷರಕ್ಕೆ ಜಾಗ

ನಮ್ಮ ಭಾವನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ‘ಇಕ್ಕಟ್ಟು ಪೇಂಟರ್’. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕಸುಬು. ಮೊದಲ ಅಕ್ಷರ ಆನೆಯಷ್ಟು ಬರೆಯುತ್ತಾರೆ. ಬರೆಯುತ್ತಾ ಬರೆಯುತ್ತಾ ಹಲಗೆ ಮುಗಿದುಹೋಗಿ, ಕೊನೆಯ ಅಕ್ಷರ ಮೂಲೆಯಲ್ಲಿ ಮುದುಡಿ ಕೂರುತ್ತದೆ. ಬೇರೆ ಪೇಂಟರುಗಳು ಮೊದಲು ಸೀಮೆಸುಣ್ಣದಲ್ಲಿ ಅಳತೆ ಗುರುತು ಹಾಕಿಕೊಳ್ಳುತ್ತಾರೆ. ಇವರಿಗೆ ಅದು ಅವಮಾನ. “ಅಳೆದು ಬರೆಯೋಕೆ ನಾನೇನು ದರ್ಜಿನಾ?” ಅನ್ನುತ್ತಾರೆ. ಸಾಲದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಹಲಗೇನೇ ಚಿಕ್ಕದು ಅಂತ ಬೈಯುವುದು ಬೇರೆ. ಮೂವತ್ತು ವರ್ಷದಿಂದ ನಾನು ಇದನ್ನೇ ಹಿಡಿದು ಅವರನ್ನು ಆಡಿಕೊಂಡಿದ್ದೇನೆ. ನಾದಿನಿಗೆ ಅಷ್ಟೂ ಹಕ್ಕಿಲ್ಲವೇ?

ಮದುವೆಗೆ ಮುಂಚೆ ಭಾವ ಒಂಬತ್ತು ವರ್ಷ ಮಹಾನಗರದಲ್ಲಿದ್ದರು. “ಇಲ್ಲಿ ಬರೆದಿದ್ದೆಲ್ಲ ಹೊಟ್ಟೆಪಾಡು. ನನ್ನ ಕೈ ನೋಡ್ಬೇಕಂದ್ರೆ ಅಲ್ಲಿಗೆ ಹೋಗ್ಬೇಕು” ಅಂತ ಅಕ್ಕನ ಮುಂದೆ ಜಂಭ ಕೊಚ್ಚುತ್ತಿದ್ದರು. ಯಾವಾಗ ಕರಕೊಂಡು ಹೋಗ್ತೀರಿ ಅಂದರೆ, ಮುಂದಿನ ವರ್ಷ. ಆ ಹಾಳು ಮುಂದಿನ ವರ್ಷ ಬಂದದ್ದು ಅಕ್ಕನ ಕಣ್ಣು ಹೋಗತೊಡಗಿದ ಮೇಲೆ.

ನಗರದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನರ ಸೋತಿದೆ, ಸುತ್ತಲಿಂದ ಕತ್ತಲು ಬರುತ್ತಿದೆ, ನಡುವೆ ಉಳಿದಿರುವ ಒಂದಿಷ್ಟು ನೋಟ ಇನ್ನು ಮೂರು ತಿಂಗಳು ಇದ್ದರೆ ಹೆಚ್ಚು ಅಂದರು. ಭಾವ ಗೋಡೆ ಹಿಡಿದು ನಿಂತರು. ಅಕ್ಕ ಹೊರಗೆ ಬಂದವಳೇ, “ರೀ, ಬಸ್ಸಿಗೆ ಇನ್ನೂ ಹೊತ್ತಿದೆ. ನೀವು ಬರೆದ ಒಂದು ಬೋರ್ಡು ತೋರಿಸಿಬಿಡಿ. ಒಂದೇ ಸಾಕು” ಅಂದಳು.

ಅವಳ ಒಂದು ಕೈ ಭಾವ ಹಿಡಿದರು, ಇನ್ನೊಂದು ನಾನು. ಮೊದಲು ಗಡಿಯಾರದ ಅಂಗಡಿಯಿದ್ದ ಬೀದಿಗೆ ಹೋದೆವು. “ಹಳದಿ ಮೇಲೆ ಕೆಂಪು, ಎಂಟಡಿ ಉದ್ದ, ಈ ತಿರುವಿನಿಂದಲೇ ಕಾಣುತ್ತೆ ನೋಡು” ಅಂದರು ಭಾವ. ತಿರುವಿನಲ್ಲಿ ಕಂಡದ್ದು ಮೊಬೈಲ್ ಅಂಗಡಿ. ಅಲ್ಲಿಂದ ಬೇಕರಿಗೆ. ಬೇಕರಿ ಇತ್ತು, ಆದರೆ ಮೈಯೆಲ್ಲ ಗಾಜು. ಗಲ್ಲಾದಲ್ಲಿದ್ದ ಹುಡುಗಿ, “ಪೇಂಟಲ್ಲಿ ಬರೆದ ಬೋರ್ಡಾ? ನಾನು ಹುಟ್ಟೋಕೆ ಮುಂಚಿನ ಮಾತಿರ್ಬೇಕು ಅಂಕಲ್” ಅಂತ ನಕ್ಕಳು. ಪಾಪ, ಅವಳದೇನು ತಪ್ಪು. ನನಗೆ ಮಾತ್ರ ಮೈ ಉರಿದುಹೋಯಿತು.

ಹಳೇ ಪೇಟೆಯ ಹೋಟೆಲಿನ ಯಜಮಾನರು ಭಾವನನ್ನು ನೋಡಿದೊಡನೆ ಗುರುತು ಹಿಡಿದರು. ಮೂರು ಕಾಫಿ ಬಂತು. “ನಿಮ್ಮ ಬೋರ್ಡಿನ ತಗಡು ಗಟ್ಟಿ ಇತ್ತಪ್ಪ, ಎಸೆಯೋಕೆ ಮನಸ್ಸಾಗಲಿಲ್ಲ. ಹಿಂದುಗಡೆ ನೀರಿನ ತೊಟ್ಟಿಗೆ ಮುಚ್ಚಿದೀವಿ” ಅಂದರು. ಕಾಫಿ ಅಲ್ಲೇ ಬಿಟ್ಟು ಎದ್ದೆವು. ತೊಟ್ಟಿಯ ಮೇಲಿಂದ ತಗಡನ್ನು ತೆಗೆದು ಭಾವ ತಿರುಗಿಸಿದರು. ಬಣ್ಣ ಒಂದು ಚುಕ್ಕೆಯೂ ಉಳಿದಿರಲಿಲ್ಲ, ಬರೀ ತುಕ್ಕು. ಅಕ್ಕ ಮುಖ ಹತ್ತಿರ ತಂದು ಹುಡುಕಿದಳು. “ಇಲ್ಲೇ ಇತ್ತು ಕಣೇ, ಇಲ್ಲೇ” ಅಂತ ಭಾವ ಅಂಗಿಯ ತೋಳಿನಿಂದ ಆ ತುಕ್ಕನ್ನು ಉಜ್ಜೇ ಉಜ್ಜಿದರು. ನಾನೇ ಕೈ ಹಿಡಿದು ನಿಲ್ಲಿಸಿದೆ.

ಸಂಜೆಯಾಯಿತು. ಬೀದಿಯುದ್ದಕ್ಕೂ ದೀಪ ಹತ್ತಿಕೊಂಡವು, ಹೋಟೆಲುಗಳಿಂದ ಹಾಡು ಕೇಳತೊಡಗಿತು, ಹುಡುಗ ಹುಡುಗಿಯರು ನಗುತ್ತಾ ನಮ್ಮನ್ನು ತಳ್ಳಿಕೊಂಡೇ ಹೋದರು. ಇಷ್ಟು ಚಂದದ ಊರು ನಾನು ಕಂಡಿರಲಿಲ್ಲ, ಇಷ್ಟು ಕೋಪ ಯಾವ ಊರಿನ ಮೇಲೂ ಬಂದಿರಲಿಲ್ಲ. ಒಂದು ದೊಡ್ಡ ಬಟ್ಟೆ ಅಂಗಡಿಯ ಮುಂದೆ ಭಾವ ಥಟ್ಟನೆ ನಿಂತರು.

“ನೋಡು! ಇದು ನಂದೇ!”

ಒಳಗೆ ದೀಪ ಉರಿಯುವ ಪ್ಲಾಸ್ಟಿಕ್ ಬೋರ್ಡು ಅದು, ನಿನ್ನೆ ಮೊನ್ನೆ ಹಾಕಿದ್ದು. ಭಾವನ ಮುಖ ನೋಡಿದೆ. ಕಣ್ಣಲ್ಲೇ ನನಗೆ ಕೈ ಮುಗಿಯುತ್ತಿದ್ದರು. ಪಾಪ ಬಂದರೆ ಬರಲಿ ಅಂದುಕೊಂಡು, “ಹೌದಕ್ಕಾ, ಭಾವಂದೇ! ಎಷ್ಟು ಚೆನ್ನಾಗಿದೆ!” ಅಂದೆ.

ಅಕ್ಕ ಕತ್ತೆತ್ತಿದಳು. ಅವಳಿಗೆ ಈಗ ಒಂದು ಸಲಕ್ಕೆ ಒಂದೇ ಅಕ್ಷರ ಕಾಣುವುದು. ಮೊದಲ ಅಕ್ಷರದಿಂದ ನಿಧಾನವಾಗಿ ಕತ್ತು ಹೊರಳಿಸುತ್ತಾ ಓದಿದಳು. ಕೊನೆಗೆ ಬಂದು ಅಕ್ಕನ ಕತ್ತು ನಿಂತಿತು.

“ಅಲ್ಲ ಕಣ್ರೀ” ಅಂದಳು ಮೆಲ್ಲಗೆ. “ಕೊನೇ ಅಕ್ಷರಕ್ಕೆ ಬೇಕಾದಷ್ಟು ಜಾಗ ಇದೆ.”

ಭಾವ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ದಾರಿಗೆ ಅಡ್ಡ ಅಂತ ಕಾವಲುಗಾರ ಗದರಿದರೂ ಏಳಲಿಲ್ಲ. ಅಕ್ಕ ಅವರ ತಲೆ ಎಲ್ಲಿದೆ ಅಂತ ಕೈಯಾಡಿಸಿ ಹುಡುಕಿ, ಸವರುತ್ತಾ ನಿಂತಳು. ಮೂವತ್ತು ವರ್ಷ ಅದನ್ನೇ ಆಡಿಕೊಂಡ ನಾನು, ಮುದುಡಿಕೊಂಡ ಒಂದೇ ಒಂದು ಅಕ್ಷರ ಎಲ್ಲಾದರೂ ಸಿಕ್ಕೀತೇ ಅಂತ ಆ ಬೀದಿಯ ಎರಡೂ ಬದಿ ಕಣ್ಣಾಡಿಸಿದೆ. ಎಲ್ಲ ಬೋರ್ಡಿನಲ್ಲೂ ಅಕ್ಷರಗಳು ಅಳತೆಗೆ ಸರಿಯಾಗಿ ಕೂತಿದ್ದವು.