ಕಳಸ ಹಿಡಿದವಳು ಸೆಲ್ವಿ

ಬಿಸಿಯೂಟ ಮುಗಿದ ಮೇಲೆ ನಮ್ಮ ಶಾಲೆಯ ನಲ್ಲಿಯ ಬಳಿ ತಟ್ಟೆಗಳ ಗಲಗಲ ಏಳುತ್ತದಲ್ಲ, ಆ ಗದ್ದಲದಲ್ಲಿ ಮಕ್ಕಳು ಕೇಳುವಂಥ ಪ್ರಶ್ನೆಗಳು ತರಗತಿಯೊಳಗೆ ಎಂದೂ ಹುಟ್ಟುವುದಿಲ್ಲ. ನನ್ನ ಮದುವೆ ಗೊತ್ತಾದ ಸುದ್ದಿ ಮೂರನೇ ತರಗತಿಗೆ ಹೇಗೆ ತಲುಪಿತೋ ತಿಳಿಯದು. ಒಂದು ಮಧ್ಯಾಹ್ನ ಸೆಲ್ವಿ ತಟ್ಟೆ ಉಜ್ಜುತ್ತಾ, ತಲೆಯೆತ್ತದೆ, "ಮಿಸ್, ನಿಮ್ ಮದ್ವೇಗೆ ನಾವೂ ಬರ್ಬೋದಾ, ಇಲ್ಲಾ ದೊಡ್ಡೋರ್ಗೆ ಮಾತ್ರಾನಾ?" ಎಂದಳು.

"ಎಲ್ಲಾರೂ ಬರ್ಬೇಕು. ನೀನೇ ನನ್ನ ಕಳಸಗಿತ್ತಿ" ಎಂದುಬಿಟ್ಟೆ.

ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ಮಂಟಪದವರೆಗೆ ನಡೆಯುವ ಹುಡುಗಿಗೆ ನಮ್ಮಲ್ಲಿ ಆ ಹೆಸರು. ತಂಗಿಯಿದ್ದವರಿಗೆ ತಂಗಿ, ನನಗೆ ತಂಗಿಯಿಲ್ಲ. ಯೋಚಿಸಿ ಆಡಿದ ಮಾತಲ್ಲ ಅದು, ನಿಜ. ಆದರೆ ನಲ್ಲಿಯ ನೀರನ್ನೂ ಮರೆತು ನನ್ನನ್ನೇ ನೋಡುತ್ತ ನಿಂತ ಆ ಮುಖ ಕಂಡಮೇಲೆ, ಆಡಿದ್ದನ್ನು ಹಿಂತೆಗೆದುಕೊಳ್ಳುವ ಯೋಚನೆ ಮಾತ್ರ ನನಗೆ ಬರಲಿಲ್ಲ.

ನಮ್ಮದು ಬೇತಮಂಗಲದ ಪಕ್ಕದ ಹಳ್ಳಿ. ಬೇಸಾಯದ ಮನೆ, ಎರಡು ಸೀಮೆಹಸು. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೂ ನನಗೂ ಆಸರೆಯಾದವರು ದೊಡ್ಡಪ್ಪ. ನನ್ನನ್ನು ಓದಿಸಿ ಟೀಚರು ಮಾಡಿದವರೂ ಅವರೇ, ಬಂಗಾರಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಮಂಜುನಾಥನನ್ನು ಹುಡುಕಿ ತಂದವರೂ ಅವರೇ. ಆದ್ದರಿಂದ ಅವರೆದುರು ನಿಂತು ಮಾತಾಡುವುದು ನನಗೆ ಸುಲಭವಿರಲಿಲ್ಲ.

"ಚಾಂಪಿಯನ್ ರೀಫ್ಸ್ ಲೈನ್ ಮನೆ ಮಕ್ಳು ಕಳಸ ಇಡ್ಕೊಂಡ್ರೆ ನೆಂಟ್ರು ಏನಂದ್ಕೋತಾರೆ? ನೋಡಮ್ಮ, ಬರ್ಲಿ, ಬೇಡ ಅನ್ನಲ್ಲ. ಕಡೇ ಪಂಕ್ತೀಲಿ ಉಂಡ್ಕೊಂಡ್ ಓಗ್ಲಿ. ಕಳಸಕ್ಕೆ ನಮ್ ಪಲ್ಲವಿ ಇದಾಳಲ್ಲ" ಎಂದರು ದೊಡ್ಡಪ್ಪ. ಪಲ್ಲವಿ ಅವರ ಮೊಮ್ಮಗಳು.

ನನ್ನ ಶಾಲೆಯಿರುವ ಚಾಂಪಿಯನ್ ರೀಫ್ಸ್‌ನಲ್ಲಿ, ಚಿನ್ನದ ಗಣಿಯಲ್ಲಿ ದುಡಿದವರಿಗೆಂದು ಕಟ್ಟಿದ ಸಾಲುಮನೆಗಳಿಗೆ ಇಂದಿಗೂ ಲೈನ್ ಎಂದೇ ಹೆಸರು. ಗಣಿ ಮುಚ್ಚಿತು, ಹೆಸರು ಉಳಿಯಿತು, ಆ ಹೆಸರಿನ ಹಿಂದೆ ಅಡಗಿಸಿಡುವ ಜಾತಿಯ ಮಾತೂ ಉಳಿಯಿತು. ಹುಟ್ಟಿದ್ದೇ ಲೈನಿನಲ್ಲಿ ಎಂಬ ಕಾರಣಕ್ಕೆ ಊಟಕ್ಕೂ ಬೇರೊಂದು ಲೈನು ಹಾಕುವ ಈ ಔದಾರ್ಯ ನನಗೆ ಬೇಡವಾಗಿತ್ತು.

"ಕಳಸ ಸೆಲ್ವೀನೇ ಹಿಡಿಯೋದು, ದೊಡ್ಡಪ್ಪ" ಎಂದೆ. ಅವರು ಎದ್ದುಹೋದರು. ಮಂಜುನಾಥನಿಗೆ ಹೇಳಿದೆ. "ನಮ್ ಕಡೆಯೋರು ಕೇಳಿದ್ರೆ ನಾನ್ ಏಳ್ಕೋತೀನಿ. ನೀನ್ ಗಟ್ಟಿಯಾಗಿರು" ಎಂದ, ಅಷ್ಟೆ.

ನಿಜವಾಗಿ ನನ್ನನ್ನು ಅಲುಗಿಸಿದ್ದು ಸೆಲ್ವಿಯ ತಾಯಿಯ ಮಾತು. ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಹೆಂಗಸು. ಭಾನುವಾರ ಮನೆಗೆ ಹೋಗಿ ಕರೆದಾಗ ಬಾಗಿಲಲ್ಲೇ ನಿಂತು, "ವೇಣಾಂ ಟೀಚರಮ್ಮ, ಬೇಡ. ನೀವು ಒಳ್ಳೆ ಮನಸಲ್ಲಿ ಕರೀತೀರ. ಅಲ್ಲಿ ಯಾರಾನ ಮಗಾನ ಒಂದ್ ಮಾತ್ ಅಂದ್ರೆ, ಅದನ್ನ ಅವ್ಳು ದೊಡ್ಡೋಳಾದ್ರೂ ಮರೆಯಲ್ಲ" ಎಂದಳು.

ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಯೇ ನಡೆಯಿತು. ನನ್ನ ಸಂತೋಷಕ್ಕಾಗಿ ಮಗುವೊಂದನ್ನು ಅವಮಾನದ ಎದುರು ನಿಲ್ಲಿಸುತ್ತಿದ್ದೇನೆಯೇ? ಕರೆಯದೆ ಇದ್ದರೆ ಅವಳಿಗೆ ನೋವಿಲ್ಲವೇ? ಕರೆದು, ಅರ್ಧ ದಾರಿಯಲ್ಲಿ ಕೈಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪೆಂದು ನನಗೆ ತೋಚಿತು. ಮಾರನೆಯ ಭಾನುವಾರ ಮತ್ತೆ ಹೋದೆ. "ಅವಳ ಕೈ ಬಿಡಲ್ಲ, ಅಕ್ಕ. ನೀವೂ ಬನ್ನಿ, ನನ್ನ ಪಕ್ಕದಲ್ಲೇ ನಿಂತ್ಕೊಳ್ಳಿ" ಎಂದೆ. ಆಕೆ ಬಾಗಿಲಿಂದ ಸರಿದು ನನಗೆ ಒಳಗೆ ದಾರಿ ಬಿಟ್ಟು, "ಸರಿ ಮಾ" ಎಂದಳು.

ಮದುವೆಯ ಬೆಳಿಗ್ಗೆ ತಾಯಂದಿರು ಇಡೀ ಮೂರನೇ ತರಗತಿಯನ್ನು ರೈಲಿನಲ್ಲಿ ಬಂಗಾರಪೇಟೆಗೆ ಕರೆತಂದರು. ಎಣ್ಣೆ ಹಚ್ಚಿ ಬಾಚಿದ ತಲೆಗಳು, ಹಬ್ಬದ ಬಟ್ಟೆಗಳು, ತಮಿಳು ತೆಲುಗು ಕನ್ನಡ ಬೆರೆತ ಕಲರವ. ಛತ್ರಕ್ಕೆ ಛತ್ರವೇ ತಿರುಗಿ ನೋಡಿತು. ಸೆಲ್ವಿಗೆ ನಾನೇ ಹೊಲಿಸಿದ್ದ ಹಸಿರು ಲಂಗ.

ಮುಹೂರ್ತಕ್ಕೆ ಕರೆ ಬಂದು ಕೋಣೆಯಿಂದ ಹೊರಬಂದರೆ, ಬಾಗಿಲಲ್ಲಿ ಕಳಸ ಹಿಡಿದು ನಿಂತವಳು ಪಲ್ಲವಿ! ಅವಳ ಹೆಗಲ ಮೇಲೆ ದೊಡ್ಡಪ್ಪನ ಕೈ. ಸೆಲ್ವಿ ಗೋಡೆಗೊರಗಿ ತನ್ನ ಖಾಲಿ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳ ತಾಯಿ ನನ್ನನ್ನು ನೋಡುತ್ತಿದ್ದಳು.

ನಾನು ಹೊಸ್ತಿಲಲ್ಲೇ ನಿಂತೆ. ಸೋದರಮಾವ ಕೈಹಿಡಿದು ಎಳೆದರೂ ಕದಲಲಿಲ್ಲ. "ಸೆಲ್ವಿ ಬರ್ದೆ ನಾನು ಬರಲ್ಲ" ಎಂದೆ. ಜೋರಾಗಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಪುರೋಹಿತರು ಮಂಟಪದಿಂದ ಅವಸರಿಸಿದರು. ದೊಡ್ಡಪ್ಪನ ಮುಖ ಕೆಂಪಾಯಿತು.

ಆಗ ಮುಂದೆ ಬಂದವಳು ಅಮ್ಮ. ಭಾವನವರ ಎದುರು ಎಂದೂ ದನಿಯೆತ್ತದ ನನ್ನ ಅಮ್ಮ ಪಲ್ಲವಿಯ ಕೈಯಿಂದ ಕಳಸ ತೆಗೆದುಕೊಂಡು, "ನೀನು ಆರತಿ ತಟ್ಟೆ ಇಡ್ಕೊ ಕಂದ. ಮುಹೂರ್ತ ಮೀರೋಯ್ತದೆ, ಬಾ ಸೆಲ್ವಿ" ಎಂದಳು. ಕಳಸವನ್ನು ಅವಳ ಕೈಗಿಟ್ಟು, ಆ ಪುಟ್ಟ ಬೆರಳುಗಳ ಮೇಲೆ ತನ್ನ ಕೈಯನ್ನೂ ಒಂದು ಕ್ಷಣ ಇಟ್ಟಳು.

ನಡೆದೆವು. ನೀರು ತುಳುಕೀತೆಂಬ ಭಯಕ್ಕೆ ಸೆಲ್ವಿ ಉಸಿರನ್ನೇ ಬಿಗಿಹಿಡಿದಿದ್ದಳು. ನನ್ನ ತರಗತಿಯ ಮಕ್ಕಳು ತಾಳಿಗೆ ಮುಂಚೆಯೇ ಅಕ್ಷತೆ ಎರಚಿ ಮುಗಿಸಿ, ಮತ್ತೆ ಬೇಕೆಂದು ಪುರೋಹಿತರನ್ನೇ ಕೇಳಿದರು. ಮುನಿಸಿನಲ್ಲಿದ್ದ ಪಲ್ಲವಿಯೂ ನಕ್ಕುಬಿಟ್ಟಳು. ಮೊದಲ ಪಂಕ್ತಿಯಲ್ಲಿ ಮಂಜುನಾಥನೂ ನಾನೂ ಮಕ್ಕಳ ನಡುವೆ ಕೂತು ಉಂಡೆವು. ದೊಡ್ಡಪ್ಪ ಉಣ್ಣದೆ ಹೊರಟುಹೋದರು. ಆ ನೋವು ನನಗಿದೆ. ಆದರೆ ಆ ಬೆಳಿಗ್ಗೆ ಮತ್ತೆ ಬಂದರೂ ನಾನು ಆ ಹೊಸ್ತಿಲಲ್ಲಿ ಹಾಗೆಯೇ ನಿಲ್ಲುತ್ತೇನೆ.

ಈಗ ಬಂಗಾರಪೇಟೆಯ ನಮ್ಮ ಮನೆಗೆ ಕೆಲವು ಭಾನುವಾರ ಸೆಲ್ವಿ ತಾಯಿಯೊಡನೆ ಬರುತ್ತಾಳೆ. ದೊಡ್ಡಪ್ಪ ಇನ್ನೂ ಬಂದಿಲ್ಲ. ಫೋನು ಮಾಡಿ ಕರೆಯುತ್ತಲೇ ಇದ್ದೇನೆ, ಬಿಡುವುದೂ ಇಲ್ಲ. ಅವರು ಬಂದ ದಿನ ಸೆಲ್ವಿ ಮನೆಯಲ್ಲಿದ್ದರೆ, ಅವರಿಗೆ ಕುಡಿಯುವ ನೀರು ತಂದುಕೊಡುವವಳು ಅವಳೇ. ಅದನ್ನು ಮೊದಲೇ ಹೇಳಿ ಕರೆದಿದ್ದೇನೆ.