ಎರಡು ಖಾಲಿ ಸಾಲು ಹಾಕಿದ ಅತ್ತಿಗೆ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ, ಪಕ್ಕದ ಟೀ ಆಗಲೇ ಆರಿದೆ. ಈಕೆ ತೆರೆಗೆ ಮರದ ಸ್ಕೇಲು ಹಿಡಿದು, ಒಂದೊಂದೇ ಸಾಲು ಕೆಳಗಿಳಿಸುತ್ತ ಓದುತ್ತಿದ್ದಾರೆ. ಗಾಜಿಗೆ ಗೀರು ಬಿದ್ದೀತೆಂದು ಗಂಡ ಗೊಣಗುತ್ತಾರೆ. ಈಕೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಐವತ್ತೆರಡರ ಈ ಹೆಂಗಸಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದಾರೆ. ಆದರೂ ನೂರಾರು ಸ್ವಯಂಸೇವಕರು ಸೇರಿ ಕಟ್ಟುತ್ತಿರುವ ಒಂದು ತಂತ್ರಾಂಶದಲ್ಲಿ, ಕೋಡ್ ಹೇಗೆ ಬರೆಯಬೇಕೆಂದು ಹೇಳುವ ಕೈಪಿಡಿ ಇವತ್ತು ಇವರ ಕಣ್ಣು ತಪ್ಪಿಸಿ ಹೊರಬೀಳುವಂತಿಲ್ಲ. ದಿನಕ್ಕೆ ಹನ್ನೆರಡು ಪುಟ ಓದುತ್ತಾರೆ. ಇದುವರೆಗೆ ಅದರಲ್ಲಿನ ನಿಯಮಗಳ ಇನ್ನೂರ ಆರು ಪಟ್ಟಿಗಳನ್ನು ಸರಿಪಡಿಸಿದ್ದಾರೆ.

ಇದೆಲ್ಲ ಶುರುವಾದದ್ದು ನಾದಿನಿಯ ಕಣ್ಣೀರಿನಿಂದ. ನಲವತ್ತರ ಹತ್ತಿರ ಬಂದ ಮೇಲೆ ಕೋಡಿಂಗ್ ಕಲಿತವಳು ಅವಳು. ಆ ತಂಡಕ್ಕೆ ಮೂರು ಸಲ ಕೋಡ್ ಕಳಿಸಿದ್ದಳು. ಕೈಪಿಡಿ ಓದಿ ಬರೆಯಿರಿ ಎಂಬ ಉತ್ತರದೊಂದಿಗೆ ಮೂರು ಸಲವೂ ವಾಪಸ್ ಬಂದಿತ್ತು. “ಓದ್ಕೊಂಡೇ ಬರ್ದಿದ್ದು ಅತ್ತಿಗೆ. ನನ್ನ ತಲೆಗೆ ಇದು ಹತ್ತಲ್ಲ, ಬಿಟ್ಬಿಡ್ತೀನಿ,” ಎಂದಳಂತೆ. ಅತ್ತಿಗೆ ಸಮಾಧಾನ ಹೇಳಲು ಹೋಗಲಿಲ್ಲ. ಆ ಕೈಪಿಡಿಯನ್ನೇ ತೆಗೆಸಿ, ಅದರ ಮೇಲೆ ಸ್ಕೇಲು ಇಟ್ಟರು.

‘ಹೀಗೆ ಮಾಡಿ’ ಎಂಬ ಶೀರ್ಷಿಕೆಯಡಿ ಚುಕ್ಕಿಯಿಟ್ಟ ಹತ್ತೊಂಬತ್ತು ನಿಯಮಗಳಿದ್ದವು. ಹನ್ನೊಂದನೆಯದರ ಬಾಲಕ್ಕೆ ‘ಇವನ್ನು ಮಾಡಬೇಡಿ’ ಎಂಬ ಮಾತು ಅಂಟಿಕೊಂಡಿತ್ತು. ಅದು ಮುಂದಿನ ಎಂಟಕ್ಕೆ ತಲೆಬರಹವಾಗಬೇಕಿದ್ದ ಸಾಲು. ಅದರ ಮೇಲೊಂದು, ಕೆಳಗೊಂದು ಖಾಲಿ ಸಾಲು ಬಿಡದಿದ್ದರಿಂದ ಕಂಪ್ಯೂಟರ್ ಎರಡು ಪಟ್ಟಿಗಳನ್ನು ಒಂದೇ ಮಾಡಿಬಿಟ್ಟಿತ್ತು. ಒಂದೇ ಅಕ್ಷರದ ಹೆಸರಿಡುವುದು, ಒಂದೇ ಸಾಲಿನಲ್ಲಿ ನಾಲ್ಕು ಆದೇಶ ತುರುಕುವುದು, ಹೀಗೆ ಮಾಡಬಾರದ ಎಂಟೂ ಮಾಡಬೇಕಾದವುಗಳ ಸಾಲಿನಲ್ಲಿ ಠೀವಿಯಿಂದ ಕೂತಿದ್ದವು. ಪಾಪ, ನಾದಿನಿ ಎಂಟನ್ನೂ ಚಾಚೂ ತಪ್ಪದೆ ಪಾಲಿಸಿದ್ದಳು.

ಅವಳು ಕೈಬಿಡುವ ಮೊದಲು ತಪ್ಪು ಅವಳದಲ್ಲವೆಂದು ತೋರಿಸಲೇಬೇಕಿತ್ತು. ಅತ್ತಿಗೆ ತಿದ್ದುಪಡಿ ಕಳಿಸಿದರು. ಖಾಲಿ ಸಾಲು ಸೇರಿಸುವುದೂ ಒಂದು ಕೆಲಸವೇ? ಎಂದು ತಂಡದ ಮುಖ್ಯಸ್ಥ ತಳ್ಳಿಹಾಕಿದ. ಎರಡನೆಯ ಸಲ ಉತ್ತರವೇ ಇಲ್ಲ. ಕರಡು ತಿದ್ದುವವರ ಹಟ ಅವನಿಗೇನು ಗೊತ್ತು? ಹನ್ನೊಂದು ದಿನ ಬೆಳಗಿನ ಜಾವ ಎದ್ದು, ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡು ವರ್ಷಗಳಲ್ಲಿ ತಿರಸ್ಕೃತವಾದ ಕೋಡುಗಳನ್ನೆಲ್ಲ ಜಾಲಾಡಿದರು. ಅರವತ್ತನಾಲ್ಕು ಜನರಲ್ಲಿ ನಲವತ್ತೊಂದು ಜನರ ಕೋಡ್ ವಾಪಸಾಗಿದ್ದು ಆ ಎಂಟು ತಪ್ಪುಗಳಿಗೇ. “ನಲವತ್ತೊಂದು ಜನ ದಡ್ಡರಾಗಿರೋಕೆ ಸಾಧ್ಯ ಇಲ್ಲ ಸ್ವಾಮಿ, ನಿಮ್ಮ ಪುಟ ನೋಡ್ಕೊಳ್ಳಿ,” ಎಂದು ಬರೆದು, ಲೆಕ್ಕ ಲಗತ್ತಿಸಿ ಮೂರನೆಯ ಸಲ ಕಳಿಸಿದರು.

ಅರ್ಧ ಗಂಟೆಯಲ್ಲಿ ತಿದ್ದುಪಡಿ ಅಂಗೀಕಾರವಾಯಿತು. ಮುಖ್ಯಸ್ಥ ಕ್ಷಮೆ ಕೇಳಿದ್ದಲ್ಲದೆ, ಆ ನಲವತ್ತೊಂದು ಮಂದಿಗೂ ಪತ್ರ ಬರೆದು ಮತ್ತೆ ಕರೆದ. ನಾದಿನಿಯ ಕೋಡ್ ಮರುವಾರವೇ ಒಳಸೇರಿತು. ಇವರ ಬಗ್ಗೆ ಬರೆಯಲು ಬಂದು ಇದನ್ನೆಲ್ಲ ಕೇಳುತ್ತಿದ್ದ ನನಗೇ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಈಗ ಇಡೀ ತಂಡಕ್ಕೆ ಇವರು ಅತ್ತಿಗೆ, ಮುಖ್ಯಸ್ಥನಿಗೂ.

ಹೊರಡುವಾಗ, ಇಷ್ಟು ಚಿಕ್ಕ ತಿದ್ದುಪಡಿಗೆ ಇಷ್ಟೊಂದು ಪಾಡು ಪಟ್ಟಿರಲ್ಲ ಎಂದೆ. ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಕೈಪಿಡಿಯ ಪ್ರತಿ ಸಾಲಿನ ಪಕ್ಕ ಅದನ್ನು ಸೇರಿಸಿದವರ ಹೆಸರು ತೋರಿಸುವ ಪುಟ ಅದು.

“ಪ್ರೆಸ್ಸಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕ ತಿದ್ದಿದೆ. ಒಂದರಲ್ಲೂ ನನ್ನ ಹೆಸರು ಬರ್ಲಿಲ್ಲ. ಇಲ್ಲಿ ಒಂದಕ್ಷರಾನೂ ಬರೀಲಿಲ್ಲ, ಎರಡು ಖಾಲಿ ಸಾಲು ಬಿಟ್ಟೆ ಅಷ್ಟೆ. ನೋಡಿ, ಎರಡರ ಪಕ್ಕದಲ್ಲೂ ನನ್ನ ಹೆಸರಿದೆ.”